ಟ್ಯಾಪೆಟ್ ಸದ್ದು

ಕಾರು ರಿಪೇರಿಯ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಮೇಸ್ತ್ರಿ, ಇನ್ನೊಬ್ಬ ಅವನ ಒಡಹುಟ್ಟಿದ ತಮ್ಮ. ಇಬ್ಬರೂ ಆ ವಿಷಯವನ್ನು ಒಂದು ದಿನವೂ ಬಾಯಿಬಿಟ್ಟು ಆಡಿಕೊಂಡವರಲ್ಲ. ಗಿರಾಕಿ ಬಂದು, ಬಾನೆಟ್ಟಿನ ಆ ಕಡೆ ನಿಂತು, "ಬ್ರೇಕ್ ಒತ್ತಿದ್ರೆ ಕೀ ಅನ್ನುತ್ತೆ" ಎಂದನೆನ್ನಿ. ತಮ್ಮ ತಕ್ಷಣ ಅಣ್ಣನ ಮುಖಕ್ಕೆ ಮುಖ ಕೊಟ್ಟು, "ಏನ್ ಸಾರ್, ಬ್ರೇಕ್ ಒತ್ತಿದಾಗ ಕೀ ಅನ್ನುತ್ತಾ?" ಎಂದು ದೊಡ್ಡ ದನಿಯಲ್ಲಿ ತಿರುಗಿ ಕೇಳುತ್ತಿದ್ದ. ಗಿರಾಕಿ ಹೂಂ ಎನ್ನುತ್ತಿದ್ದ. ಮೇಸ್ತ್ರಿ ಎಲ್ಲವನ್ನೂ ತಾನೇ ಕೇಳಿಸಿಕೊಂಡವನ ಗತ್ತಿನಲ್ಲಿ ತಲೆಯಾಡಿಸುತ್ತಿದ್ದ. "ನಿಮ್ಮ ತಮ್ಮ ಸ್ವಲ್ಪ ಮಂದ ಅಲ್ವಾ ಮೇಸ್ತ್ರಿ? ಹೇಳಿದ್ದನ್ನೇ ಮತ್ತೆ ಕೇಳ್ತಾನೆ" ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. ಅಲ್ಲ ಎಂದು ಮೇಸ್ತ್ರಿ ಯಾವತ್ತೂ ಹೇಳಿದ್ದಿಲ್ಲ.

ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ಹೆಂಡತಿಯ ಮಾತಿಗೆ ಗಂಡ ಕಿವುಡಾಗುವುದು ಯಾವ ಮನೆಯಲ್ಲಿಲ್ಲ ಹೇಳಿ? ಅಡುಗೆಮನೆಯಿಂದ ಕೂಗಿ ಕೂಗಿ ಅವಳಿಗೆ ಸಾಕಾಗಿತ್ತು. ಈ ಮನುಷ್ಯನಿಗೆ ತಾನೆಂದರೆ ಅಷ್ಟಕ್ಕಷ್ಟೆ ಎಂದು ತೀರ್ಮಾನಿಸಿ ಅವಳು ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಳು. ಮೇಸ್ತ್ರಿಗೆ ಅದು ಅನುಕೂಲವೇ ಆಯಿತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಗಂಡ ಎನ್ನಿಸಿಕೊಳ್ಳುವುದು ವಾಸಿ ಎಂಬುದು ಅವನ ಲೆಕ್ಕಾಚಾರ. ಎಂಥ ಲೆಕ್ಕಾಚಾರವೋ, ಅವನಿಗೇ ಪ್ರೀತಿ.

ಯಾಕೆ ಇಷ್ಟು ಹೆದರಿಕೆ ಅಂದರೆ, ಅವನ ಹೆಸರೆಲ್ಲ ನಿಂತಿದ್ದೇ ಕಿವಿಯ ಮೇಲೆ. ಪ್ರಾಯದಲ್ಲಿ ಅವನು ಬೀದಿಯ ಆ ತುದಿಯಲ್ಲಿ ಕಾರು ತಿರುಗುವಾಗಲೇ, "ಬೇರಿಂಗ್ ಹೋಗಿದೆ, ಒಳಗೆ ಬಿಡಿ" ಎನ್ನುತ್ತಿದ್ದನಂತೆ. ಆ ಕಥೆಯನ್ನು ಪಕ್ಕದ ಪಂಚರ್ ಅಂಗಡಿಯವನು ಹೊಸ ಗಿರಾಕಿಗಳಿಗೆಲ್ಲ ತನ್ನದೇ ಸಾಹಸವೆಂಬಂತೆ ಹೇಳುತ್ತಿದ್ದ. ಆಮೇಲೆ ಕಿವಿ ಮೆಲ್ಲಗೆ ಕೈಕೊಟ್ಟಿತು. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಬೆನ್ನ ಹಿಂದಿನ ಮಾತು ಹೋಯಿತು. ಎದುರಿಗೆ ನಿಂತು ಜೋರಾಗಿ ಆಡಿದರೆ ತುಟಿ ನೋಡಿ ಅರ್ಧ, ದನಿ ಹಿಡಿದು ಅರ್ಧ ಅರ್ಥ ಮಾಡಿಕೊಳ್ಳುತ್ತಿದ್ದ. ಇಂಜಿನ್ ಸದ್ದು ಮಾತ್ರ ಅವನ ಪಾಲಿಗೆ ಬರೀ ಗುಮ್ಮೆನ್ನುವ ಮೋಡವಾಯಿತು. ಅಲ್ಲಿಂದ ಮುಂದೆ ತಮ್ಮನೇ ಕಿವಿ. ತಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದ, ಬಾಯಲ್ಲಿ ಆ ಸದ್ದನ್ನು ಆಡಿ ತೋರಿಸುತ್ತಿದ್ದ. ಮೇಸ್ತ್ರಿ ರೋಗದ ಹೆಸರು ಹೇಳುತ್ತಿದ್ದ. ಕೇಳುವುದು ಒಬ್ಬನ ಕೆಲಸ, ಹೇಳುವುದು ಇನ್ನೊಬ್ಬನ ಕೆಲಸ, ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು.

ಎಡವಟ್ಟಾಗಿದ್ದು ತಮ್ಮ ರೋಗದ ಹೆಸರನ್ನೂ ತಾನೇ ಹೇಳತೊಡಗಿದಾಗ. "ವಾಟರ್ ಪಂಪ್ ಅಲ್ವಾ ಅಣ್ಣ?" ಎಂದು ಒಂದು ದಿನ, "ಇಂಜೆಕ್ಟರ್ ಅಲ್ವಾ ಅಣ್ಣ?" ಎಂದು ಇನ್ನೊಂದು ದಿನ. ಹೇಳಿದ್ದೆಲ್ಲ ಸರಿಯಾಗುತ್ತಿತ್ತು. ಮೇಸ್ತ್ರಿ ಯೋಚನೆಗೆ ಬಿದ್ದ. ಕಿವಿಯೂ ಅವನದೇ, ಬುದ್ಧಿಯೂ ಅವನದೇ ಆದರೆ ತಾನು ಯಾತಕ್ಕೆ, ಬಾಗಿಲಲ್ಲಿ ಕೂತು ನೊಣ ಹೊಡೆಯುವುದಕ್ಕಾ? ಆ ವಾರ ಒಂದು ಕಾರು ಬಂತು. ಬೆಳಗ್ಗೆ ತಣ್ಣಗಿದ್ದಾಗ ಇಂಜಿನ್ನಿನ ಪಕ್ಕದಿಂದ ಟಿಕ್ ಟಿಕ್ ಎನ್ನುತ್ತಿತ್ತು, ಬಿಸಿಯಾದಂತೆ ಸದ್ದು ಅಡಗುತ್ತಿತ್ತು. "ಇದೇನಣ್ಣ?" ಎಂದು ತಮ್ಮ ಕೇಳಿದ. ಹೊಗೆ ಕೊಳವೆ ಇಂಜಿನ್ನಿಗೆ ಕೂಡುವ ಕಡೆ ನಡುವಿನ ಗ್ಯಾಸ್ಕೆಟ್ ಪಟ್ಟಿ ಹರಿದು ಸೋರುತ್ತಿದೆ, ಕಬ್ಬಿಣ ಕಾದು ಹಿಗ್ಗಿದಾಗ ಸಂದು ಕಿರಿದಾಗಿ ಸದ್ದಷ್ಟೇ ನಿಲ್ಲುತ್ತದೆ, ಇಷ್ಟೇ ವಿಷಯ. ಮೇಸ್ತ್ರಿ ಬಾಯಿ ತೆರೆದ. ಬಾಯಿಂದ ಬಂದ ಮಾತು ಬೇರೆ.

"ಟ್ಯಾಪೆಟ್ ಸದ್ದು ಕಣೋ, ವಾಲ್ವ್ ಬಡ್ಕೊಳ್ಳೋದು. ಹಳೇ ಇಂಜಿನ್‌ಗೆಲ್ಲ ಇರುತ್ತೆ. ಅದನ್ನ ಲೆಕ್ಕಕ್ಕೆ ಇಟ್ಕೋಬೇಡ."

ತಮ್ಮನನ್ನು ಸಾಮಾನು ತರಲು ಪೇಟೆಗೆ ಅಟ್ಟಿ, ಗ್ಯಾಸ್ಕೆಟ್ಟನ್ನು ತಾನೇ ಬದಲಾಯಿಸಿದ. ಆಮೇಲೆ ಅಂಥ ಕಾರು ಬಂದಾಗಲೆಲ್ಲ ಇದೇ ನಾಟಕ. ಎಲ್ಲ ಕಲಿಸಿದ, ಇದೊಂದನ್ನು ಮುಚ್ಚಿಟ್ಟ. ಮುಚ್ಚಿಟ್ಟಿದ್ದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಆ ಪಾಪಿ ಅದರ ಜಾಗದಲ್ಲಿ ಸುಳ್ಳನ್ನು ನೆಟ್ಟ. ಅಣ್ಣನ ಬಾಯಿಂದ ಬಂದದ್ದೆಲ್ಲ ಸತ್ಯ ಎಂದು ನಂಬಿದ್ದ ತಮ್ಮ ಅದಕ್ಕೆ ನೀರೆರೆದು ಬೆಳೆಸಿಕೊಂಡ.

ಆ ದಿನ ಬೆಳಗ್ಗೆ ಮೇಸ್ತ್ರಿ ಶೆಡ್ಡಿಗೆ ಬಂದಾಗ ಅಂಗಳದಲ್ಲಿ ಒಂದು ಹಳೆಯ ಬೂದು ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಮನುಷ್ಯ ಕೂತಿದ್ದ. ಅವನನ್ನು ಈ ಕಸುಬಿನವರೆಲ್ಲ ಬಿಳಿ ಅಂಗಿ ಎಂದೇ ಕರೆಯುತ್ತಿದ್ದರು. ಊರಿನ ಆ ಬದಿಯಲ್ಲಿ ದೊಡ್ಡ ವರ್ಕ್‌ಶಾಪಿನ ಧಣಿ. ಗ್ರೀಸಿನ ನಡುವೆ ಓಡಾಡಿದರೂ ಅವನ ಬಿಳಿ ಅಂಗಿಗೆ ಕಲೆ ಬಿದ್ದದ್ದನ್ನು ಕಂಡವರಿಲ್ಲ. ಕೊಳೆಯೆಲ್ಲ ಅವನ ನಾಲಿಗೆಯಲ್ಲಿದೆ, ಅಂಗಿಗೆ ಎಲ್ಲಿಂದ ಬರಬೇಕು ಎಂದು ಪಂಚರ್‌ನವನು ಹೇಳುವುದಿತ್ತು.

"ಬನ್ನಿ ಮೇಸ್ತ್ರಿ, ನಿಮ್ಮ ಮನೆಗೇ ಬಂದು ನಿಮ್ಮನ್ನೇ ಕರೀತಿದೀನಿ," ಎಂದು ಬಿಳಿ ಅಂಗಿ ನಕ್ಕ. ಆಮೇಲೆ ಮುಖವನ್ನು ಕಾರಿನ ಕಡೆ ತಿರುಗಿಸಿಕೊಂಡು ಇನ್ನೇನೋ ಅಂದ. ಮೇಸ್ತ್ರಿಗೆ ಕೇಳಿಸಲಿಲ್ಲ.

ತಮ್ಮ ಎದುರಿಗೆ ಬಂದು ನಿಂತ. ಮುಖ ಕೆಂಪಗಾಗಿತ್ತು. ಆದರೂ ಎಂದಿನಂತೆ ಬಿಡಿಸಿ ಬಿಡಿಸಿ, ದೊಡ್ಡದಾಗಿ ಹೇಳಿದ: "'ಮೇಸ್ತ್ರಿ ಕೆಲಸ ಕೇಳ್ಕೊಂಡು ನಿಮ್ಮ ತಮ್ಮ ನನ್ನ ಹತ್ರ ಬಂದಿದ್ದ' ಅಂತಿದಾರೆ ಅಣ್ಣ. ಹೌದು, ಹೋಗಿದ್ದೆ."

ತನ್ನನ್ನು ಬಿಟ್ಟುಹೋಗುವ ಸುದ್ದಿಯನ್ನೂ ತಮ್ಮ ತಾನೇ ಅಣ್ಣನಿಗೆ ಮುಟ್ಟಿಸಿದ. ಮೇಸ್ತ್ರಿ ಒಂದು ಹೆಜ್ಜೆ ಹತ್ತಿರ ಬಂದ.

"ನಂಗೊಂದು ಮಾತು ಹೇಳ್ಬೋದಿತ್ತಲ್ಲೋ."

"ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ ಅಂತ..." ತಮ್ಮ ಕೈ ಒರೆಸುವ ಬಟ್ಟೆಯನ್ನು ಹಿಂಡಿದ. "ಹೋದ ಸಲ ಹೆಣ್ಣಿನ ಕಡೆಯವರು ಏನಂದ್ರು ಗೊತ್ತಲ್ಲ ಅಣ್ಣ. ಅಣ್ಣನ ಕೈಕೆಳಗೆ ಸ್ಪ್ಯಾನರ್ ಹಿಡಿಯೋನಿಗೆ ಹೆಣ್ಣು ಕೊಡಲ್ಲ ಅಂದ್ರು. ತಲೆ ನರೆಯೋಕೆ ಶುರುವಾಯ್ತು ನಂಗೆ."

ತಮ್ಮ ಹೋದರೆ ಕಿವಿ ಹೋಯಿತು. ಕಿವಿ ಹೋದರೆ ಮೇಸ್ತ್ರಿತನ ಹೋಯಿತು. ಗಿರಾಕಿ ಬಂದು ಒಂದು ಕೇಳಿದರೆ ತಾನು ಇನ್ನೊಂದು ಹೇಳುವುದು, ಪಂಚರ್‌ನವನು ಅದನ್ನು ಬೀದಿಗೆಲ್ಲ ಹಂಚುವುದು, ಎಲ್ಲವೂ ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ತಮ್ಮನ ನರೆಗೂದಲು ಮಾತ್ರ ಕಾಣಲಿಲ್ಲ.

ಬಿಳಿ ಅಂಗಿಯ ಪದ್ಧತಿ ಕಸುಬಿನವರಿಗೆಲ್ಲ ಗೊತ್ತು. ಆ ಬೂದು ಕಾರಿಗೆ ಒಂದು ರೋಗವಿತ್ತು, ಅದೇನೆಂದು ಅವನಿಗೆ ತಿಳಿದಿತ್ತು, ಬೇಕೆಂದೇ ವಾಸಿ ಮಾಡಿಸಿರಲಿಲ್ಲ. ಕೆಲಸ ಕೇಳಿ ಬಂದವರಿಗೆಲ್ಲ ಅದನ್ನೇ ಮುಂದಿಡುತ್ತಿದ್ದ. ಅವರು ಒದ್ದಾಡುವುದನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಅದೇ. ಇಂಜಿನ್ ತಣ್ಣಗಿರಲಿ ಎಂದು ಹಿಂದಿನ ರಾತ್ರಿ ಶೆಡ್ಡು ಮುಚ್ಚಿದ ಮೇಲೆ ಕಾರು ತಂದು ನಿಲ್ಲಿಸಿದ್ದ.

"ಮಧ್ಯಾಹ್ನದ ಊಟದ ಹೊತ್ತಿಗೆ ರೋಗ ಹೇಳ್ಬೇಕು. ಹೇಳಿದ್ರೆ ನಾಳೆಯಿಂದ ನೀನು ನನ್ನ ದೊಡ್ಡ ಮೇಸ್ತ್ರಿ," ಎಂದ ಬಿಳಿ ಅಂಗಿ. "ಹೇಳ್ಲಿಲ್ಲ ಅಂದ್ರೆ, ಅಣ್ಣ ಇದಾನಲ್ಲ, ಸೆರಗು ಹಿಡ್ಕೊಂಡು ಇರು."

ತಮ್ಮ ಕೀಲಿ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು. ತಮ್ಮನ ತಲೆ ತಾನಾಗಿ ಓರೆಯಾದದ್ದನ್ನು ಮೇಸ್ತ್ರಿ ನೋಡಿದ. ತಮ್ಮ ಬಾನೆಟ್ ಎತ್ತಿ ಇಂಜಿನ್ನಿನ ಬಲಕ್ಕೆ ಕಿವಿ ಕೊಟ್ಟ. ತುಟಿ ಮಾತ್ರ ಅಲ್ಲಾಡಿತು: ಟಿಕ್ ಟಿಕ್ ಟಿಕ್. ಮೇಸ್ತ್ರಿಗೆ ತಿಳಿದುಹೋಯಿತು. ಇದೇ ಕಾರಿನಲ್ಲಿ, ಇದೇ ರೋಗ ಇರಬೇಕೇ!

"ಏನೋ ಸದ್ದು ಬರ್ತಿದೆಯಲ್ಲಪ್ಪ," ಎಂದ ಬಿಳಿ ಅಂಗಿ, ಏನೂ ಅರಿಯದವನಂತೆ.

"ಟ್ಯಾಪೆಟ್ ಸಾರ್. ಹಳೇ ಇಂಜಿನ್ ಅಲ್ವಾ, ಬಿಸಿಯಾದ್ರೆ ಹೋಗುತ್ತೆ," ಎಂದ ತಮ್ಮ, ಒಂದಿಷ್ಟೂ ಅನುಮಾನವಿಲ್ಲದೆ.

ಬಿಳಿ ಅಂಗಿಯ ಮೀಸೆಯ ಕೆಳಗೆ ನಗು ಹರಿದಾಡಿತು. ಮೇಸ್ತ್ರಿ ಇಬ್ಬರ ತುಟಿಗಳನ್ನೂ ಓದಿದ. ಆಗಲಾದರೂ, "ಇನ್ನೊಂದು ಸಲ ಕೇಳೋ" ಎಂದು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಮೂಲೆಯ ಡ್ರಮ್ಮಿನ ಮೇಲೆ ಹೋಗಿ ಕೂತ.

ತಮ್ಮ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿದ. ಆಕ್ಸಿಜನ್ ಸೆನ್ಸರ್ ಲೀನ್ ಎಂದು ತೋರಿಸಿತು. ಹೊಗೆ ಕೊಳವೆಯಲ್ಲಿ ಬೆರಳುದ್ದದ ಸೆನ್ಸರ್ ಒಂದು ಕೂತಿರುತ್ತದೆ. ಹೋಗುವ ಹೊಗೆಯನ್ನು ಮೂಸಿ ನೋಡಿ ಕಂಪ್ಯೂಟರಿಗೆ ಚಾಡಿ ಹೇಳುವುದು ಅದರ ಕೆಲಸ. ಹೊಗೆಯಲ್ಲಿ ಗಾಳಿ ಹೆಚ್ಚು ಉಳಿದಿದೆ ಎಂದರೆ ಪೆಟ್ರೋಲು ಸಾಲುತ್ತಿಲ್ಲ ಎಂದು ಅರ್ಥ, ಅದಕ್ಕೇ ಲೀನ್ ಎನ್ನುತ್ತಾರೆ. ಆಗ ಕಂಪ್ಯೂಟರು ಪೆಟ್ರೋಲು ಹೆಚ್ಚಿಸುತ್ತದೆ. ಎಷ್ಟು ಹೆಚ್ಚಿಸಿದರೂ ಈ ಸೆನ್ಸರ್ ಸಾಲದು, ಸಾಲದು ಎಂದೇ ಅಳುತ್ತಿತ್ತು.

ತಮ್ಮ ಕಲಿತಂತೆಯೇ ಕೆಲಸ ಮಾಡಿದ. ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ ಎಂದು ಇಂಜಿನ್ನಿಗೆ ಗಾಳಿ ಹೋಗುವ ಒಂದೊಂದು ಹೋಸಿನ ಬುಡಕ್ಕೂ ಸ್ಪ್ರೇ ಹೊಡೆದು, ಇಂಜಿನ್ನಿನ ದನಿ ಬದಲಾಗುತ್ತದೆಯೇ ಎಂದು ಕಿವಿಗೊಟ್ಟ. ಬದಲಾಗಲಿಲ್ಲ. ಗಾಳಿ ಅಳೆಯುವ ಮೀಟರನ್ನು ಬಿಚ್ಚಿ ತೊಳೆದ. ಪೆಟ್ರೋಲಿನ ಒತ್ತಡಕ್ಕೆ ಗೇಜ್ ಹಚ್ಚಿ ನೋಡಿದ, ಸರಿಯಾಗಿತ್ತು. ಕೈ ಚುರುಕಾಗಿತ್ತು, ಒಂದು ನಟ್ಟೂ ಕೆಳಗೆ ಬೀಳಲಿಲ್ಲ. ಪರರ ಮಗನಾಗಿದ್ದರೆ ಮೇಸ್ತ್ರಿ ಭಲೇ ಎನ್ನುತ್ತಿದ್ದನೇನೋ. ಇಂಜಿನ್ ಬಿಸಿಯಾಗಿತ್ತು, ಟಿಕ್ ಟಿಕ್ ಅಡಗಿತ್ತು, ಅದನ್ನು ತಮ್ಮ ಮರೆತೇಬಿಟ್ಟಿದ್ದ.

"ಆಯ್ತಾ? ಇಲ್ಲ ಸ್ನಾನ ಮಾಡಿಸಿ ಪೌಡರ್ ಹಾಕ್ತೀಯಾ ಅದಕ್ಕೆ?" ಎಂದ ಬಿಳಿ ಅಂಗಿ. ಆಟ ನೋಡಲು ಟೈರು ಉರುಳಿಸಿಕೊಂಡೇ ಬಂದಿದ್ದ ಪಂಚರ್‌ನವನು ಕಿಸಕ್ಕೆಂದ.

ತಮ್ಮನಿಗೆ ಬೆವರು ಇಳಿಯತೊಡಗಿತು. ಹೊಸ ಸೆನ್ಸರ್ ತಂದು ಹಾಕಿದ. ಅದೂ ಅದೇ ಚಾಡಿ ಹೇಳಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ವೈದ್ಯ ಸಿಕ್ಕಿದ ನೋಡಿ," ಎಂದು ಬಿಳಿ ಅಂಗಿ ಪಂಚರ್‌ನವನಿಗೆ ಕಣ್ಣು ಹೊಡೆದ. ತಮ್ಮ ಕೇಳಿಸಿಕೊಳ್ಳದವನಂತೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದ. ಒಂದನ್ನು ಬೆಳಕಿಗೆ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿ, ನೆಟ್ಟಗೆ ಅಣ್ಣನ ಹತ್ತಿರ ಬಂದ.

ಪ್ಲಗ್ಗಿನ ಮೂತಿ ಮಸಿ ಹಿಡಿದು ಕಪ್ಪಗಿತ್ತು.

"ಅಣ್ಣ, ಸೆನ್ಸರ್ ನೋಡಿದ್ರೆ ಉಪವಾಸ ಅನ್ನುತ್ತೆ. ಪ್ಲಗ್ ನೋಡಿದ್ರೆ ತಿಂದು ತಿಂದು ಅಜೀರ್ಣ ಆದ ಹಾಗಿದೆ. ಎರಡೂ ಹೆಂಗೆ ನಿಜ ಆಗುತ್ತೆ?"

ಅಬ್ಬಾ! ಬೀಗದ ಕೈಯನ್ನು ಅಂಗೈಯಲ್ಲೇ ಹಿಡಿದುಕೊಂಡು ಬಾಗಿಲು ಎಲ್ಲಿ ಎಂದು ಕೇಳುತ್ತಿದ್ದ ಹುಡುಗ. ಪೆಟ್ರೋಲು ನಿಜಕ್ಕೂ ಹೆಚ್ಚಾಗಿದೆ, ಸೆನ್ಸರಿನ ಹತ್ತಿರ ಮಾತ್ರ ಹೊರಗಿನ ಗಾಳಿ ಸೇರಿಕೊಂಡು ಅದರ ಕಣ್ಣಿಗೆ ಮಣ್ಣೆರಚುತ್ತಿದೆ. ಇನ್ನೊಂದು ಹೆಜ್ಜೆ, ಅಷ್ಟೇ. ತಮ್ಮನ ಮುಖ ಅಷ್ಟು ಹತ್ತಿರದಲ್ಲಿತ್ತು. ತಾಯಿ ಸತ್ತಾಗ ತನ್ನ ಸೊಂಟದಷ್ಟೂ ಎತ್ತರವಿಲ್ಲದೆ, ಅಮ್ಮ ಎಲ್ಲಿ ಎಂದು ಕೇಳಿದ್ದನಲ್ಲ, ಆಗಲೂ ಹೀಗೇ ನೋಡಿದ್ದ. ಮೇಸ್ತ್ರಿ ಪ್ಲಗ್ಗಿನಿಂದ ಕಣ್ಣು ತೆಗೆದು ಹೇಳಿದ:

"ಈಗ ಬರೋ ಪೆಟ್ರೋಲೇ ಹಂಗೆ ಕಣೋ, ಕಲಬೆರಕೆ. ಪ್ಲಗ್ ನೋಡಿ ಏನೂ ಹೇಳಕ್ಕಾಗಲ್ಲ."

ತಮ್ಮ ತಲೆಯಾಡಿಸಿ ಹೋದ. ನಂಬಿದ. ಅವನ ಬೆನ್ನನ್ನು ನೋಡುತ್ತ ಮೇಸ್ತ್ರಿಗೆ ಒಂದು ಗಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆಮೇಲೆ ಹಗುರವಾಯಿತು. ತಮ್ಮ ಎಲ್ಲೂ ಹೋಗುವುದಿಲ್ಲ ಎಂದು ಅವನಿಗೆ ಆಗ ಖಚಿತವಾಗಿತ್ತು.

ಮೇಸ್ತ್ರಿಯ ಹೆಂಡತಿ ಬುತ್ತಿ ತಂದಾಗ ತಮ್ಮ ಕಾರಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಕೈಗಳು ಜೋತುಬಿದ್ದಿದ್ದವು. ಮೈದುನನನ್ನು ಮಗನಂತೆ ಸಾಕಿದವಳು ಅವಳು, ಮುಖ ನೋಡಿದ ಕೂಡಲೇ, "ಏನಾಯ್ತಪ್ಪಾ?" ಎಂದಳು. ಉತ್ತರ ಕೊಟ್ಟವನು ಬಿಳಿ ಅಂಗಿ.

"ಏನೂ ಆಗ್ಲಿಲ್ಲಮ್ಮ, ಅದೇ ಆಗಿದ್ದು." ಎದ್ದು ಬಂದು, ಇಂಜಿನ್ನಿನ ಬಲಮಗ್ಗುಲಿಗೆ ಬಗ್ಗಿ, ಬೆರಳು ತೋರಿಸಿದ. ಹೊಗೆ ಕೊಳವೆ ಕೂಡುವ ಜಾಗದಲ್ಲಿ, ಒಂದು ಬೋಲ್ಟಿನ ಸುತ್ತ, ಕಾಡಿಗೆ ಹಚ್ಚಿದಂತೆ ಮಸಿಯ ಗೆರೆ ಇತ್ತು. "ಇಲ್ಲಿ ಸೋರುತ್ತೆ. ನನ್ನ ವರ್ಕ್‌ಶಾಪಲ್ಲಿ ಕಾರು ತೊಳೆಯೋನಿಗೂ ಇದು ಗೊತ್ತು. ಬೆಳಗ್ಗೆ ಕೀಲಿ ತಿರುಗಿಸಿದ ತಕ್ಷಣ ಕಾರೇ ಬಾಯಿಬಿಟ್ಟು ಹೇಳ್ತು, ಟಿಕ್ ಟಿಕ್ ಅಂತ. ನೀನು ಏನಂದೆ? ಜೋರಾಗಿ ಹೇಳು, ಅತ್ತಿಗೆಗೂ ಕೇಳ್ಸಲಿ."

"ಟ್ಯಾಪೆಟ್ ಅಂದೆ," ಎಂದ ತಮ್ಮ.

"ಟ್ಯಾಪೆಟ್ ಅಂದ!" ಬಿಳಿ ಅಂಗಿ ತೊಡೆ ತಟ್ಟಿಕೊಂಡ. ಪಂಚರ್‌ನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರಪ್ಪಾ ನಿಂಗೆ ಈ ವಿದ್ಯೆ ಕಲಿಸಿದ ಮಹಾನುಭಾವ?"

"ಅಣ್ಣ."

ಬಿಳಿ ಅಂಗಿ ಮೇಸ್ತ್ರಿಯ ಎದುರಿಗೆ ಬಂದು ನಿಂತ. ತಮ್ಮ ಈ ಸಲವೂ ಮಾತನ್ನು ಮುಟ್ಟಿಸಲು ಬಾಯಿ ತೆರೆದ; ಅದರ ಅಗತ್ಯ ಬೀಳಲಿಲ್ಲ. ಬಿಳಿ ಅಂಗಿ ಮೇಸ್ತ್ರಿಯ ಮೂಗಿನ ಹತ್ತಿರವೇ ಮುಖ ತಂದು, "ಏನ್ ಮೇಸ್ತ್ರಿ, ನೀವೂ ಟ್ಯಾಪೆಟ್ ಅಂತೀರಾ?" ಎಂದ.

ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ ಜೀವಮಾನದ ಹೆಸರು ಮಣ್ಣುಪಾಲು, ಪಂಚರ್‌ನವನು ಸಂಜೆಯೊಳಗೆ ಬೀದಿಗೆಲ್ಲ ಸಾರುತ್ತಾನೆ. ಅಲ್ಲ ಎಂದರೆ, ತಮ್ಮ ಅಲ್ಲೇ ನಿಂತಿದ್ದಾನೆ. ಮೇಸ್ತ್ರಿ ತಮ್ಮನ ಕಡೆ ನೋಡದೆ, ಬಿಳಿ ಅಂಗಿಯ ಗುಂಡಿಯನ್ನೇ ನೋಡುತ್ತ ಹೇಳಿದ:

"ಛೆ ಛೆ, ಎಲ್ಲಾದ್ರೂ ಉಂಟೇ! ಗ್ಯಾಸ್ಕೆಟ್ ಹೋಗಿದೆ. ಅಲ್ಲಿಂದ ಹೊರಗಿನ ಗಾಳಿ ಎಳ್ಕೊಳ್ಳುತ್ತೆ, ಸೆನ್ಸರ್ ಅದನ್ನ ನೋಡಿ ಪೆಟ್ರೋಲ್ ಸಾಲ್ದು ಅನ್ನುತ್ತೆ, ಕಂಪ್ಯೂಟರ್ ಅದನ್ನ ನಂಬಿ ಸುರಿಯುತ್ತೆ. ಅದಕ್ಕೇ ಪ್ಲಗ್ ಕಪ್ಪು. ಇವನಿಗೆ ನೂರು ಸಲ ಹೇಳಿದೀನಿ ಸಾರ್. ತಲೆಗೇ ಹೋಗಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

ಕೋಣ ಎನ್ನಿಸಿಕೊಂಡವನು ಅಣ್ಣನನ್ನು ನೋಡಿದ. ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಅವನ ಕಣ್ಣು ಕೈಯಲ್ಲಿದ್ದ ಪ್ಲಗ್ಗಿಗೆ ಇಳಿಯಿತು, ಮತ್ತೆ ಅಣ್ಣನ ಮುಖಕ್ಕೆ ಏರಿತು. ಕಲಬೆರಕೆ ಪೆಟ್ರೋಲು ನೆನಪಾಗಿರಬೇಕು. ಸಾಮಾನು ತರಲು ಪೇಟೆಗೆ ಹೋದ ದಿನಗಳೂ ಒಂದೊಂದಾಗಿ ನೆನಪಾಗಿರಬೇಕು. "ಹೌದಾ ಅಣ್ಣ?" ಎಂದು ಕೇಳಿದ, ಮೆಲ್ಲಗೆ. ತುಟಿ ಸ್ಪಷ್ಟವಾಗಿ ಅಲ್ಲಾಡಿತು. ಮೇಸ್ತ್ರಿ ಮುಖ ತಿರುಗಿಸಿಕೊಂಡ.

"ಹೌದು ಸಾರ್," ಎಂದ ತಮ್ಮ ಬಿಳಿ ಅಂಗಿಗೆ. "ಹೇಳಿದಾನೆ. ನಂಗೇ ತಲೆಗೆ ಹೋಗ್ಲಿಲ್ಲ." ತಿರುಗಿ ನಿಂತು ಪ್ಲಗ್ಗುಗಳನ್ನು ಒಂದೊಂದಾಗಿ ವಾಪಸು ಹಾಕತೊಡಗಿದ.

ಇಷ್ಟಕ್ಕೇ ಮುಗಿದಿದ್ದರೆ ಮೇಸ್ತ್ರಿ ಗೆದ್ದಿದ್ದ. ತಮ್ಮ ಅವನ ಶೆಡ್ಡಿನಲ್ಲೇ ಸ್ಪ್ಯಾನರ್ ಹಿಡಿದುಕೊಂಡು ಮುದುಕನಾಗುತ್ತಿದ್ದ. ಆದರೆ ಬಿಳಿ ಅಂಗಿ ಗಡ್ಡ ಕೆರೆದುಕೊಂಡ. ಮೂಲೆಯಲ್ಲಿ ಕೂತೇ, ಕಾರನ್ನು ಮುಟ್ಟದೆಯೇ ರೋಗವನ್ನು ಬುಡದಿಂದ ತುದಿವರೆಗೆ ಬಿಡಿಸಿ ಹೇಳಿದ ಮನುಷ್ಯ ಈ ಮೇಸ್ತ್ರಿ.

"ಹಂಗಾದ್ರೆ ನಂಗೆ ತಮ್ಮ ಯಾಕೆ ಬೇಕು? ನೀವೇ ಬನ್ನಿ ಮೇಸ್ತ್ರಿ. ನನ್ನ ವರ್ಕ್‌ಶಾಪಿಗೆ ನೀವೇ ದೊಡ್ಡ ಮೇಸ್ತ್ರಿ. ಏನಂತೀರಿ?"

ಮೇಸ್ತ್ರಿ ಆ ತುಟಿಗಳನ್ನು ಓದಿದ, ನಂಬಲಾರದೆ ಮತ್ತೆ ಓದಿದ. ದೊಡ್ಡ ವರ್ಕ್‌ಶಾಪು, ಕೈಕೆಳಗೆ ಹತ್ತಾರು ಜನ, ಹೆಸರು! ಕಿವಿ ಇಲ್ಲದೆ ಅಲ್ಲಿ ಹೇಗೆ ಬಾಳುತ್ತೇನೆ ಎಂಬ ಯೋಚನೆ ಆ ಗಳಿಗೆಯಲ್ಲಿ ಹತ್ತಿರವೂ ಸುಳಿಯಲಿಲ್ಲ. ತಮ್ಮನ ಯೋಚನೆಯಂತೂ ಕೇಳಬೇಡಿ. 

"ನೀವು ಅಷ್ಟು ಹೇಳಿದ ಮೇಲೆ ಇಲ್ಲ ಅನ್ನಕ್ಕಾಗುತ್ತಾ ಸಾರ್? ಬರ್ತೀನಿ," ಎಂದುಬಿಟ್ಟ.

ಅವನ ಬೆನ್ನ ಹಿಂದೆ ತಮ್ಮ ಕೊನೆಯ ಪ್ಲಗ್ಗನ್ನು ಬಿಗಿ ಮಾಡಿದ. ತಲೆ ಎತ್ತದೆ, ದನಿ ಏರಿಸದೆ, ಒಂದು ಮಾತು ಹೇಳಿದ. ಮೇಸ್ತ್ರಿಯೊಬ್ಬನನ್ನು ಬಿಟ್ಟು ಶೆಡ್ಡಿನಲ್ಲಿದ್ದವರಿಗೆಲ್ಲ ಅದು ಕೇಳಿಸಿತು.

"ಕರ್ಕೊಂಡು ಹೋಗಿ ಸಾರ್. ಒಂದೇ ವಿಷಯ, ಎದುರಿಗೆ ನಿಂತು ಜೋರಾಗಿ ಮಾತಾಡಿಸಿ. ಅಣ್ಣಂಗೆ ಕಿವಿ ಕೇಳ್ಸಲ್ಲ. ಇಷ್ಟು ವರ್ಷ ನಾನೇ ಕೇಳಿಸ್ಕೊಂಡು ಹೇಳ್ತಿದ್ದೆ."

ಪಂಚರ್‌ನವನ ಬಾಯಿ ತೆರೆದಂತೆಯೇ ಉಳಿಯಿತು. ಬಿಳಿ ಅಂಗಿ ಹುಬ್ಬು ಹಾರಿಸಿದ. ಅಂಥವನಿಗೆ ಇಂಥದ್ದು ಸಿಕ್ಕರೆ ಬಿಡುತ್ತಾನೆಯೇ? ಶೆಡ್ಡನ್ನು ನೋಡುವವನಂತೆ ಅಡ್ಡಾಡುತ್ತ ಮೇಸ್ತ್ರಿಯ ಹಿಂದಕ್ಕೆ ಹೋಗಿ ನಿಂತ.

"ಮೇಸ್ತ್ರಿ, ನಿಮ್ಮ ಅಂಗಿಗೆ ಬೆಂಕಿ ಹತ್ಕೊಂಡಿದೆ."

ಮೇಸ್ತ್ರಿ ಹೊಸ ಹುದ್ದೆಯ ಮುಗುಳ್ನಗೆಯನ್ನು ಹಾಗೇ ಇಟ್ಟುಕೊಂಡು ಕೈ ಒರೆಸಿಕೊಳ್ಳುತ್ತಿದ್ದ.

"ಮೇಸ್ತ್ರಿ, ನಿಮ್ಮ ಹೆಂಡ್ತಿ ಯಾರ ಜೊತೆನೋ ಓಡಿಹೋದ್ಲು."

ಬುತ್ತಿ ಹಿಡಿದು ನಿಂತಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು. ಪಂಚರ್‌ನವನಿಗೆ ತಡೆಯಲಾಗಲಿಲ್ಲ, ಟೈರಿನ ಮೇಲೆ ಬಿದ್ದು ನಗತೊಡಗಿದ. ಅವನು ನಗುವುದನ್ನು ಮೇಸ್ತ್ರಿ ನೋಡಿದ. ತಮ್ಮನ ಮೇಲೆ ಬಿಳಿ ಅಂಗಿ ಇನ್ನೊಂದು ಚಟಾಕಿ ಹಾರಿಸಿರಬೇಕು ಎಂದುಕೊಂಡ. ತಾನೂ ನಕ್ಕ. ನಕ್ಕಿದ್ದು ಸಾಲದೆಂದು ತಮ್ಮನ ಕಡೆ ಬೆರಳು ತೋರಿಸಿ, ದೊಡ್ಡ ಗಂಟಲಲ್ಲಿ ಹೇಳಿದ:

"ಹುಟ್ಟಿದಾಗಿನಿಂದ ಹಂಗೇ ಸಾರ್ ಅವನು! ಎಷ್ಟು ಹೇಳಿದ್ರೂ ಅಷ್ಟೇ!"

ಈಗ ಬಿಳಿ ಅಂಗಿಯೂ ಕಾರಿಗೆ ಒರಗಿಕೊಂಡು ನಕ್ಕ. ಮೇಸ್ತ್ರಿ ಇನ್ನೂ ಜೋರಾಗಿ ನಕ್ಕ. ನಗು ನಿಂತಿದ್ದು ಹೆಂಡತಿ ಎದುರಿಗೆ ಬಂದು ನಿಂತಾಗ. ಅವಳು ಅವನ ಮುಖವನ್ನು ಹೊಸಬನ ಮುಖ ನೋಡುವ ಹಾಗೆ ನೋಡುತ್ತಿದ್ದಳು.

"ನಿಮಗೆ ಕೇಳ್ಸಲ್ವಾ?" ಎಂದಳು. "ಇಷ್ಟು ವರ್ಷ ಕೂಗ್ತಿದ್ನಲ್ಲ ನಾನು. ನಿಮಗೆ ಕೇಳಿಸ್ತಾನೇ ಇರ್ಲಿಲ್ವಾ?"

ಮೇಸ್ತ್ರಿ ಸುತ್ತ ನೋಡಿದ. ಪಂಚರ್‌ನವನು ಕಣ್ಣು ಒರೆಸಿಕೊಳ್ಳುತ್ತಿದ್ದ. ತಮ್ಮ ಬಾನೆಟ್ ಮುಚ್ಚುತ್ತಿದ್ದ. ಯಾರೂ ಏನೂ ಹೇಳದೆಯೇ ಅವನಿಗೆ ಎಲ್ಲ ತಿಳಿಯಿತು. ಮತ್ತೆ ಹೋಗಿ ಡ್ರಮ್ಮಿನ ಮೇಲೆ ಕೂತ.

ಬಿಳಿ ಅಂಗಿ ಕಾರಿನ ಬಾಗಿಲು ತೆಗೆದು, ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. "ಕಿವಿ ಇದೆ ನಿಂಗೆ. ವಿದ್ಯೆ ಇಲ್ಲ. ಮೇಸ್ತ್ರಿ ಕೆಲಸದ ಮಾತು ಬಿಡು. ಹೆಲ್ಪರ್ ಆಗಿ ಬರೋದಾದ್ರೆ ಬಾ. ನಿನಗಿಂತ ಚಿಕ್ಕವರ ಕೈಕೆಳಗೆ ಇರ್ಬೇಕಾಗುತ್ತೆ. ನಟ್ಟು ತೊಳೆಯೋದ್ರಿಂದ ಶುರು."

"ಬರ್ತೀನಿ ಸಾರ್," ಎಂದ ತಮ್ಮ. ಯೋಚಿಸಲೂ ಇಲ್ಲ.

ಸೋಪಿನ ಪುಡಿ ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡ. ಮೊಳೆಗೆ ನೇತುಹಾಕಿದ್ದ ಅಂಗಿ ತೊಟ್ಟ. ಅತ್ತಿಗೆಯ ಹತ್ತಿರ ಹೋಗಿ, ಟ್ಯಾಪೆಟ್ ಮಾತು ನಿಜಕ್ಕೂ ಎಲ್ಲಿಂದ ಬಂತೆಂದು ಮೆಲ್ಲಗೆ ಹೇಳಿದ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಎಲ್ಲಿಗೋ?" ಎಂದು ಮೇಸ್ತ್ರಿ ಕೂಗಿದ. ಕೂಗು ಅವನ ಅಂದಾಜಿಗಿಂತ ಬಹಳ ದೊಡ್ಡದಾಗಿ ಬಂತು, ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ತಮ್ಮ ನಿಂತ. ಅಭ್ಯಾಸಬಲದಿಂದ ಅಣ್ಣನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ, ದೊಡ್ಡದಾಗಿ ಹೇಳಿದ:

"ಹೋಗ್ತಿದೀನಿ ಅಣ್ಣ. ಇನ್ನು ಬರಲ್ಲ."

ಬೂದು ಕಾರು ಹೊರಟಿತು. ಪಂಚರ್‌ನವನೂ ಟೈರು ಉರುಳಿಸಿಕೊಂಡು, ಹೇಳುವುದಕ್ಕೆ ಹೊಸ ಕಥೆ ಸಿಕ್ಕಿದ ಅವಸರದಲ್ಲಿ, ತನ್ನ ಅಂಗಡಿಗೆ ಹೋದ. ಶೆಡ್ಡಿನಲ್ಲಿ ಗಂಡಹೆಂಡಿರಿಬ್ಬರೇ ಉಳಿದರು. ನೆಲದ ಮೇಲೆ ಆ ಕಾರಿನಿಂದ ಬಿಚ್ಚಿದ ಹಳೆಯ ಸೆನ್ಸರ್ ಬಿದ್ದಿತ್ತು. ಕೆಟ್ಟಿರದ ವಸ್ತು ಅದು. ಹೆಂಡತಿ ಬುತ್ತಿಯನ್ನು ಬೆಂಚಿನ ಮೇಲಿಟ್ಟು, ಅವನ ಮುಂದೆ ಬಗ್ಗಿ, ಒಂದೊಂದೇ ಮಾತನ್ನು ನಿಧಾನವಾಗಿ ಆಡಿದಳು.

"ಆ ಒಂದು ವಿಷಯ ಅವನಿಗೆ ಯಾಕೆ ಹೇಳ್ಕೊಡ್ಲಿಲ್ಲ ನೀವು?"

ಅವಳ ಮುಖ ಹತ್ತಿರದಲ್ಲಿತ್ತು, ಬೆಳಕು ಚೆನ್ನಾಗಿತ್ತು, ತುಟಿಗಳು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ್ದವು. ಮೇಸ್ತ್ರಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು.

"ಏನಂದೆ? ಕೇಳಿಸ್ಲಿಲ್ಲ," ಎಂದ.

ಅವಳು ಇನ್ನೊಂದು ಸಲ ಹೇಳಲಿಲ್ಲ.